ಉಪ್ಪುಗಾಳಿಗೆ ನಿಲ್ಲಬೇಕಾದ ಶಿಲ್ಪ: ಅಘನಾಶಿನಿ ದಂಡೆಯ ಒಂದು ಕೆಲಸದ ದಾಖಲೆ

ಕುಮಟಾ ತಾಲ್ಲೂಕಿನಲ್ಲಿ ಅಘನಾಶಿನಿ ನದಿ ಸಮುದ್ರ ಸೇರುವ ಅಳಿವೆಯ ಬದಿಯ ಊರೊಂದರ ಗ್ರಂಥಾಲಯದ ಅಂಗಳಕ್ಕೆ ಏಳು ಅಡಿ ಎತ್ತರದ ಶಿಲ್ಪ ಮಾಡಿಕೊಡುವ ಕೆಲಸ ಕಳೆದ ವರ್ಷದ ಮಳೆಗಾಲ ಮುಗಿಯುವ ಹೊತ್ತಿಗೆ ನಮ್ಮ ತಂಡಕ್ಕೆ ಬಂತು. ಊರವರು ಮೊದಲು ಕೇಳಿದ್ದು ಉಪ್ಪಿನ ಸತ್ಯಾಗ್ರಹದ ನೆನಪಿಗೆ ಒಬ್ಬ ನಾಯಕರ ಪ್ರತಿಮೆಯನ್ನು. 1930ರಲ್ಲಿ ಅಂಕೋಲೆಯಲ್ಲಿ ಉಪ್ಪಿನ ಕಾಯ್ದೆ ಮುರಿದ ಸಂಗತಿ ಈ ಕಡೆಯ ಹಿರಿಯರ ಮಾತಿನಲ್ಲಿ ಇನ್ನೂ ಬಂದುಹೋಗುತ್ತಿರುವುದರಿಂದ ಆ ಬೇಡಿಕೆ ಸಹಜವಾಗಿಯೇ ಇತ್ತು. ಆದರೆ ಯಾವ ನಾಯಕರೆಂಬ ಪ್ರಶ್ನೆಗೆ ಸಭೆಯಲ್ಲಿ ಒಮ್ಮತ ಮೂಡಲಿಲ್ಲ. ಕೊನೆಗೆ ಗ್ರಂಥಾಲಯದ ಸಮಿತಿಯ ಹಿರಿಯರೊಬ್ಬರು, ಹತ್ತಿರದ ಸಾಣಿಕಟ್ಟಾದ ಉಪ್ಪಿನ ಆಗರಗಳಲ್ಲಿ ಈಗಲೂ ಬಿಸಿಲಿಗೆ ನಿಂತು ಉಪ್ಪು ಎಳೆಯುವ ಜನರಿದ್ದಾರೆ, ಅವರಲ್ಲೊಬ್ಬನನ್ನು ನಿಲ್ಲಿಸಿದರೆ ಯಾರ ತಕರಾರೂ ಇರುವುದಿಲ್ಲ ಎಂದು ಸೂಚಿಸಿದ ಮೇಲೆ ವಿಷಯ ಇತ್ಯರ್ಥವಾಯಿತು. ಯಾರ ಮುಖವನ್ನೂ ಹೋಲಬಾರದೆಂಬ ಒಂದೇ ಷರತ್ತು ಉಳಿಯಿತು.

ಜಾಗದ ಕುರಿತು ಹೆಚ್ಚು ಚರ್ಚೆ ನಡೆಯಲಿಲ್ಲ. ಮೂರು ರಸ್ತೆ ಕೂಡುವಲ್ಲಿ ಇಡಬೇಕೆಂಬ ಆಸೆ ಕೆಲವರಿಗಿತ್ತಾದರೂ, ರಸ್ತೆ ಮತ್ತು ಕಾಲುದಾರಿಗಳಲ್ಲಿ ಸಂಚಾರಕ್ಕೆ ಅಡ್ಡಿಯಾಗುವಂತೆ ಪ್ರತಿಮೆ ನಿಲ್ಲಿಸಲು ಅನುಮತಿ ಕೊಡಬಾರದೆಂದು ಸುಪ್ರೀಂ ಕೋರ್ಟ್ 2013ರಲ್ಲಿ ರಾಜ್ಯಗಳಿಗೆ ಸೂಚಿಸಿರುವುದರಿಂದ ಆ ಆಸೆಯನ್ನು ಅಲ್ಲಿಗೇ ಕೈಬಿಡಲಾಯಿತು. ಗ್ರಂಥಾಲಯದ ಅಂಗಳದಲ್ಲಿ ಅಡಿಪಾಯಕ್ಕೆ ಬೇಕಾದ ಗಟ್ಟಿ ಜಂಬಿಟ್ಟಿಗೆ ನೆಲವಿದೆ, ಕಾಂಪೌಂಡಿದೆ, ಓದಲು ಬರುವವರಿದ್ದಾರೆ. ಇದಕ್ಕಿಂತ ಒಳ್ಳೆಯ ಜಾಗ ಸಿಗುತ್ತಿತ್ತೆಂದು ನನಗೆ ಈಗಲೂ ಅನಿಸುವುದಿಲ್ಲ.

ನಿಜವಾದ ಕೆಲಸ ಶುರುವಾದದ್ದು ಕಬ್ಬಿಣದ ಪ್ರಶ್ನೆಯಿಂದ. ಕರಾವಳಿಯಲ್ಲಿ ಸಿಮೆಂಟಿನ ಶಿಲ್ಪ ಹೇಗೆ ಹಾಳಾಗುತ್ತದೆಂಬುದನ್ನು ತಿಳಿಯಲು ಕಾರವಾರದಿಂದ ಭಟ್ಕಳದವರೆಗೆ ಹೆದ್ದಾರಿಯ ಅಕ್ಕಪಕ್ಕ ಕಣ್ಣಾಡಿಸಿದರೆ ಸಾಕು. ಮೊದಲು ಬೆರಳುಗಳು ಉದುರುತ್ತವೆ, ಆಮೇಲೆ ಕೋಲನ್ನೋ ಪುಸ್ತಕವನ್ನೋ ಹಿಡಿದ ಕೈ ಸೀಳುತ್ತದೆ, ಕಣಕಾಲಿನ ಸುತ್ತ ಕಂದು ಬಣ್ಣದ ಗೆರೆ ಇಳಿಯುತ್ತದೆ, ಮತ್ತು ಪ್ರತಿ ವರ್ಷ ಅದರ ಮೇಲೆ ಹೊಸ ಬಣ್ಣ ಬೀಳುತ್ತದೆ. ಸಿಮೆಂಟಿನ ಒಳಗಿನ ತೀವ್ರ ಕ್ಷಾರ, ಅಂದರೆ ಹನ್ನೆರಡೂವರೆಗೂ ಮೀರಿದ ಪಿಎಚ್, ಒಳಗಿನ ಕಬ್ಬಿಣದ ಸರಳಿನ ಮೈಮೇಲೆ ಒಂದು ತೆಳು ರಕ್ಷಣಾಪದರವನ್ನು ಕಟ್ಟಿಕೊಡುತ್ತದೆ. ಸಮುದ್ರದ ಗಾಳಿಯೊಡನೆ ಬರುವ ಉಪ್ಪಿನ ಕ್ಲೋರೈಡ್ ಆ ಪದರವನ್ನು ಅಲ್ಲಲ್ಲಿ ಚುಚ್ಚುತ್ತದೆ. ಗಾಳಿಯ ಇಂಗಾಲದ ಡೈಆಕ್ಸೈಡ್ ನಿಧಾನವಾಗಿ ಒಳನುಗ್ಗಿ ಕ್ಷಾರವನ್ನೇ ಇಳಿಸುತ್ತದೆ. ಆಮೇಲೆ ಹುಟ್ಟುವ ತುಕ್ಕು ಮೂಲ ಕಬ್ಬಿಣದ ಎರಡರಿಂದ ಆರು ಪಟ್ಟು ಜಾಗ ಕೇಳುವುದರಿಂದ ಮೇಲಿನ ಗಾರೆ ಒಳಗಿನಿಂದಲೇ ಸಿಡಿಯುತ್ತದೆ. ಕಾಂಕ್ರೀಟ್ ಕೆಲಸದ ಭಾರತೀಯ ಮಾನಕವಾದ ಐಎಸ್ 456:2000 ಕರಾವಳಿಯ ವಾತಾವರಣಕ್ಕೆ ಸರಳಿನ ಮೇಲೆ ಕನಿಷ್ಠ 45 ಮಿಲಿಮೀಟರ್ ಕಾಂಕ್ರೀಟ್ ಹೊದಿಕೆ ಇರಬೇಕೆಂದು ಹೇಳುತ್ತದೆ, ಅಲೆಯ ತುಂತುರು ನೇರವಾಗಿ ತಾಗುವಲ್ಲಿ 50 ಮಿಲಿಮೀಟರ್. ಏಳು ಅಡಿಯ ಆಕೃತಿಯ ಬೆರಳಿನ ಒಟ್ಟು ದಪ್ಪವೇ 22 ಮಿಲಿಮೀಟರಿನ ಆಸುಪಾಸು. ಹಾಗಿದ್ದಮೇಲೆ ಬೆರಳಿನೊಳಗೆ ಕಬ್ಬಿಣದ ತಂತಿ ಇಟ್ಟವನು ಅದನ್ನು ಇಟ್ಟ ದಿನವೇ ಬೆರಳನ್ನು ಕಳೆದುಕೊಂಡಂತೆ.

ಶಿಲ್ಪಿಗಳಲ್ಲಿ ಬಹುಪಾಲು ಜನ ಮೊದಲು ಭಂಗಿಯನ್ನು ನಿರ್ಧರಿಸಿ, ಅದನ್ನು ಹೇಗಾದರೂ ನಿಲ್ಲಿಸುವ ಜವಾಬ್ದಾರಿಯನ್ನು ಸರಳು ಕಟ್ಟುವವನಿಗೆ ಬಿಡುತ್ತಾರೆ. ಮೈಸೂರಿನಲ್ಲೋ ಧಾರವಾಡದಲ್ಲೋ ಅದು ನಡೆದೀತು. ಇಲ್ಲಿ ನಾವು 45 ಮಿಲಿಮೀಟರನ್ನು ಮೊದಲು ಕಾಗದದ ಮೇಲೆ ಬರೆದುಕೊಂಡು, ಆ ಅಳತೆಗೆ ಒಪ್ಪುವ ಭಂಗಿ ಯಾವುದೆಂದು ಹುಡುಕಿದೆವು.

ಐದನೇ ಒಂದು ಅಳತೆಯ ಮಾದರಿಗಳನ್ನು ಗಣಪತಿ ಮಾಡುವ ಜೇಡಿಮಣ್ಣಿನಲ್ಲೇ ಮಾಡಿದೆವು. ಸಮಿತಿಯವರ ಮನಸ್ಸಿನಲ್ಲಿದ್ದದ್ದು ಮುಂದಕ್ಕೆ ಬಾಗಿ, ಉದ್ದನೆಯ ಹಿಡಿಯ ಹಲಗೆಯಿಂದ ಉಪ್ಪನ್ನು ತನ್ನ ಕಡೆಗೆ ಎಳೆಯುತ್ತಿರುವ ಮನುಷ್ಯ. ಮಣ್ಣಿನಲ್ಲಿ ಅದು ಬಹಳ ಚೆನ್ನಾಗಿ ಬಂದಿತ್ತು, ಚಾಚಿದ ತೋಳುಗಳಲ್ಲಿ ಎಳೆತವಿತ್ತು. ಆದರೆ ಏಳು ಅಡಿಗೆ ಹಿಗ್ಗಿಸಿದಾಗ ಆ ತೋಳುಗಳು ಗಾಳಿಯಲ್ಲಿ ತೂಗುವ ಮೂರಡಿಯ ತೊಲೆಗಳಾಗುತ್ತಿದ್ದವು, ಅವುಗಳಿಗೆ ಕಬ್ಬಿಣವಿಲ್ಲದೆ ಗತಿಯಿರಲಿಲ್ಲ, ಕಬ್ಬಿಣವಿಟ್ಟರೆ ತೋಳು ತೊಡೆಯಷ್ಟು ದಪ್ಪವಾಗಬೇಕಿತ್ತು. ಹಲವು ಮಾದರಿಗಳ ನಂತರ ಒಪ್ಪಿಗೆಯಾದದ್ದು, ಕೆಲಸದ ನಡುವೆ ಹಲಗೆಯ ಹಿಡಿಯನ್ನು ನೆಟ್ಟಗೆ ಊರಿ, ಅದರ ತುದಿಯ ಮೇಲೆ ಎರಡೂ ಮುಷ್ಟಿಗಳನ್ನು ಒಂದರ ಮೇಲೊಂದು ಇಟ್ಟು, ಗಲ್ಲವನ್ನು ಮುಷ್ಟಿಗೆ ತಾಗಿಸಿ ದಣಿವಾರಿಸಿಕೊಳ್ಳುತ್ತಿರುವ ಆಕೃತಿ. ಈ ಭಂಗಿಯಲ್ಲಿ ಮೊಣಕೈಗಳು ಪಕ್ಕೆಗೆ ಅಂಟಿಕೊಳ್ಳುತ್ತವೆ, ಬೆರಳುಗಳು ಮುಷ್ಟಿಯೊಳಗೆ ಅಡಗುತ್ತವೆ, ಬಾಗಿದ ತಲೆಗೆ ಕೈಗಳ ಆಸರೆಯಿರುತ್ತದೆ. ಆಗರದಲ್ಲಿ ದುಡಿದಿದ್ದ ಒಬ್ಬ ಅಜ್ಜ ಮಾದರಿಯನ್ನು ತಿರುಗಿಸಿ ನೋಡಿ, ‘ಹೀಂಗೆ ನಿಂತ್ರೆ ನಮ್ಮ ಮೇಸ್ತ್ರಿ ಬಯ್ತಿದ್ದ’ ಎಂದರು. ಅದನ್ನು ನಾನು ಒಪ್ಪಿಗೆಯೆಂದೇ ತೆಗೆದುಕೊಂಡೆ.

ಆದರೂ ಕಣಕಾಲು ಉಳಿಯಿತು. ಇಡೀ ಆಕೃತಿಯ ತೂಕವನ್ನೂ ಗಾಳಿಯ ಹೊಡೆತವನ್ನೂ ನೆಲಕ್ಕೆ ಮುಟ್ಟಿಸುವ ಕಾಲಿನಲ್ಲಿ ಸರಳನ್ನು ತಪ್ಪಿಸುವಂತಿಲ್ಲ. ನಮ್ಮ ಕರಾವಳಿಗೆ ವಿನ್ಯಾಸದಲ್ಲಿ ಹಿಡಿಯುವ ಮೂಲ ಗಾಳಿವೇಗ ಸೆಕೆಂಡಿಗೆ 39 ಮೀಟರ್. ಅದರಿಂದ ಚದರ ಮೀಟರಿಗೆ ಸುಮಾರು 90 ಕಿಲೋ ಒತ್ತಡ ಬರುತ್ತದೆ, ಆಕೃತಿಯ ಎದುರುಮೈ ಒಂದು ಚದರ ಮೀಟರಿಗೆ ತುಸು ಹೆಚ್ಚು. 12 ಮಿಲಿಮೀಟರಿನ ಒಂದೇ ಒಂದು ಸರಳು, ಅದರ ಎರಡೂ ಬದಿಗೆ 45 ಮಿಲಿಮೀಟರ್ ಹೊದಿಕೆ ಎಂದರೆ 102 ಮಿಲಿಮೀಟರ್. ಏಳು ಅಡಿಯ ಮನುಷ್ಯನ ಕಣಕಾಲು 90 ಮಿಲಿಮೀಟರಿಗಿಂತ ದಪ್ಪವಾದರೆ ಕಣ್ಣಿಗೆ ತಕ್ಷಣ ಗೊತ್ತಾಗುತ್ತದೆ, ಅದರಲ್ಲೂ ಬಿಸಿಲಲ್ಲಿ ಒಣಗಿದ ಆಗರದ ಕೆಲಸಗಾರನಿಗೆ ದಪ್ಪ ಕಾಲು ಒಪ್ಪುವುದೇ ಇಲ್ಲ. ಪರಿಹಾರ ಆಗರದಲ್ಲಿಯೇ ಇತ್ತು. ಅಲ್ಲಿ ಯಾರ ಪಾದವೂ ಪೂರ್ತಿ ಕಾಣಿಸುವುದಿಲ್ಲ. ಆದ್ದರಿಂದ ಎಳೆದು ಗುಡ್ಡೆ ಮಾಡಿದ ಉಪ್ಪಿನೊಳಗೆ ಮೀನಖಂಡದವರೆಗೆ ಕಾಲು ಹುಗಿದಿರುವಂತೆ ಬುಡವನ್ನು ರೂಪಿಸಿದೆವು. ಕಾಲಿನ ಅತಿ ಸಪೂರ ಭಾಗ ರಾಶಿಯೊಳಗೆ ಮಾಯವಾಯಿತು, ಸರಳಿಗೆ ಬೇಕಾದದ್ದಕ್ಕಿಂತ ಹೆಚ್ಚಿನ ಹೊದಿಕೆ ಸಿಕ್ಕಿತು, ಮತ್ತು ಆಕೃತಿ ತಾನು ನಿಂತ ನೆಲದಿಂದಲೇ ಎದ್ದಂತಾಯಿತು. ಶಿಲ್ಪವನ್ನು ನೋಡಿದವರು ಮೊದಲು ಹೊಗಳುವುದು ಈ ಉಪ್ಪಿನ ರಾಶಿಯನ್ನೇ.

ಹಲಗೆಯ ಹಿಡಿಯನ್ನು ಮರದಲ್ಲಿಯೇ ಮಾಡಲು ತೀರ್ಮಾನಿಸಿದೆವು. ಐದು ಸೆಂಟಿಮೀಟರ್ ದಪ್ಪದ ಸಿಮೆಂಟಿನ ಕೋಲು ಈ ಗಾಳಿಯಲ್ಲಿ ಬಾಳುವುದಿಲ್ಲ. ಮುಷ್ಟಿಗಳ ನಡುವೆ ಪಿವಿಸಿ ಕೊಳವೆಯೊಂದನ್ನು ಹುದುಗಿಸಿ ಅದರೊಳಗೆ ಹೊನ್ನೆ ಮರದ ಹಿಡಿ ಜಾರುವಂತೆ ಮಾಡಲಾಗಿದೆ. ಬುಡದ ತುದಿ ನೀರು ಕುಡಿಯದಂತೆ ಒಂದು ಚೂರು ಕರಿಕಲ್ಲಿನ ಮೇಲೆ ಕೂರುತ್ತದೆ. ಹಿಡಿ ಹಾಳಾದಾಗ ಊರಿನ ಬಡಗಿ ಹೊಸದನ್ನು ಮಾಡಿ ತೂರಿಸಬಹುದು. ಶಾಶ್ವತವಾಗಿರಬೇಕೆಂಬ ಹಟವನ್ನು ಒಂದು ಭಾಗದಲ್ಲಾದರೂ ಬಿಟ್ಟರೆ ಉಳಿದ ಭಾಗ ಹೆಚ್ಚು ಕಾಲ ಬಾಳುತ್ತದೆಂಬುದು ನನ್ನ ಅಭಿಪ್ರಾಯ.

ಮರಳಿನ ವಿಷಯದಲ್ಲಿ ಯಾರ ಬಾಯಿಮಾತನ್ನೂ ನಂಬಬಾರದು. ಅಳಿವೆಯ ಮರಳು ನೋಡಲು ಚೊಕ್ಕಟವಾಗಿರುತ್ತದೆ, ಅಗ್ಗವಾಗಿ ಸಿಗುತ್ತದೆ, ‘ಮಳೆಗೆ ತೊಳೆದುಹೋಗಿದೆ’ ಎಂದು ತಂದವರು ಹೇಳುತ್ತಾರೆ. ಒಂದು ಹಿಡಿ ಮರಳನ್ನು ಬಟ್ಟಿ ಇಳಿಸಿದ ನೀರಿನಲ್ಲಿ ಚೆನ್ನಾಗಿ ಕುಲುಕಿ, ಸೋಸಿದ ನೀರಿಗೆ ಒಂದು ತೊಟ್ಟು ನೈಟ್ರಿಕ್ ಆಮ್ಲ ಮತ್ತು ಕೆಲವು ಹನಿ ಸಿಲ್ವರ್ ನೈಟ್ರೇಟ್ ಹಾಕಿದರೆ ಸತ್ಯ ಹೊರಬರುತ್ತದೆ. ಕ್ಲೋರೈಡ್ ಇದ್ದಲ್ಲಿ ಬಿಳಿ ಗಷ್ಟ ಎಳೆಎಳೆಯಾಗಿ ಇಳಿಯುತ್ತದೆ, ಇಲ್ಲದಿದ್ದರೆ ನೀರು ತಿಳಿಯಾಗಿಯೇ ಉಳಿಯುತ್ತದೆ. ಅಳಿವೆಯ ಮರಳಿನ ನೀರು ಗಾಜಿನ ಲೋಟದಲ್ಲಿ ಹನಿ ಬಿದ್ದ ಕ್ಷಣವೇ ಬೆಳ್ಳಗಾಯಿತು. ಕೈಗೆ ಸಿಡಿದ ಸಿಲ್ವರ್ ನೈಟ್ರೇಟ್ ಚರ್ಮದ ಮೇಲೆ ಕಪ್ಪು ಕಲೆಯಾಗಿ ಕೆಲವು ದಿನ ಉಳಿಯುವುದರಿಂದ ಕೈಗವಸು ಹಾಕಿಕೊಳ್ಳುವುದು ಒಳ್ಳೆಯದು. ಗ್ರಂಥಾಲಯದ ಬಾವಿಯ ನೀರಿಗೂ ಇದೇ ಪರೀಕ್ಷೆ ಮಾಡಿದೆವು, ಅದೂ ಮಸುಕಾಯಿತು. ಸರಳಿರುವ ಕಾಂಕ್ರೀಟಿಗೆ ಬಳಸುವ ನೀರಿನಲ್ಲಿ ಲೀಟರಿಗೆ 500 ಮಿಲಿಗ್ರಾಮಿಗಿಂತ ಹೆಚ್ಚು ಕ್ಲೋರೈಡ್ ಇರಬಾರದೆಂಬುದು ನಿಯಮ. ಬೇಸಿಗೆಯಲ್ಲಿ ಅಳಿವೆಯ ಹತ್ತಿರದ ಬಾವಿಗಳಿಗೆ ಉಪ್ಪು ಏರುವುದು ಇಲ್ಲಿ ಎಲ್ಲರಿಗೂ ಗೊತ್ತಿರುವುದೇ. ಹೀಗಾಗಿ ಗುಡ್ಡದ ಮೇಲಿನ ಬಾವಿಯ ನೀರು, ಘಟ್ಟದ ಕಡೆಯ ಕ್ರಷರಿನಲ್ಲಿ ಕಲ್ಲು ಪುಡಿಮಾಡಿ ತಯಾರಿಸಿದ ಎಂ-ಸ್ಯಾಂಡ್ ಮತ್ತು ಕ್ಲೋರೈಡಿಗೆ ಸಾಮಾನ್ಯ ಸಿಮೆಂಟಿಗಿಂತ ಹೆಚ್ಚು ತಡೆಯೊಡ್ಡುವ, ಉಕ್ಕಿನ ಕುಲುಮೆಯ ಕಿಟ್ಟ ಬೆರೆತ ಸ್ಲ್ಯಾಗ್ ಸಿಮೆಂಟ್ ಬಳಸಿದೆವು.

ಅಸ್ಥಿಪಂಜರವನ್ನು ಮಾಂಸಖಂಡದಿಂದ ಬೇರ್ಪಡಿಸಿದ್ದು ಈ ಕೆಲಸದ ಮುಖ್ಯ ನಿರ್ಧಾರ. ವಾಡಿಕೆಯ ವಿಧಾನದಲ್ಲಿ ಸರಳು, ಅದರ ಮೇಲೆ ಕೋಳಿಬಲೆ, ಬಲೆಯ ಮೇಲೆ ಗಾರೆ ಎಂದು ಎಲ್ಲವೂ ಒಂದೇ ಮೈಯಾಗಿರುತ್ತದೆ, ಮತ್ತು ಬಲೆ ಮೇಲ್ಮೈಯಿಂದ ಕೆಲವೇ ಮಿಲಿಮೀಟರ್ ಒಳಗಿರುತ್ತದೆ. ಸಿಮೆಂಟಿನಲ್ಲಿ ತಂತಿಬಲೆ ಹುದುಗಿಸುವ ಈ ವಿದ್ಯೆಯಿಂದ ಫ್ರಾನ್ಸಿನ ಜೋಸೆಫ್ ಲೂಯಿ ಲ್ಯಾಂಬೊ 1848ರಲ್ಲಿ ಮಾಡಿದ್ದು ದೋಣಿಯನ್ನು. ಅದು ತೇಲಿದ್ದು ಸಿಹಿನೀರಿನ ಕೊಳದಲ್ಲಿ ಎಂಬುದನ್ನು ನಾವು ಮರೆಯುತ್ತೇವೆ. ನಾವು ಮೊದಲು 16 ಸೆಂಟಿಮೀಟರ್ ಚೌಕದ ಒಂದು ಬೆನ್ನೆಲುಬಿನ ಕಂಬವನ್ನೂ ಅದಕ್ಕೆ ಕೂಡುವ ಎರಡು ಕಾಲುಗಳನ್ನೂ ಎಂ 30 ಎಂಬ ಬಲದ ದರ್ಜೆಯ ಕಾಂಕ್ರೀಟಿನಲ್ಲಿ, ನೀರು ಮತ್ತು ಸಿಮೆಂಟಿನ ಅನುಪಾತ 0.45 ದಾಟದಂತೆ ಎರಕ ಹೊಯ್ದೆವು. ಅಡಿಪಾಯದಿಂದ ಕುತ್ತಿಗೆಯವರೆಗಿನ ಎಲ್ಲ ಕಬ್ಬಿಣವೂ ಈ ಪಂಜರದೊಳಗೇ ಮುಗಿಯುತ್ತದೆ. ಇಲ್ಲಿ ಅತಿ ಹೆಚ್ಚು ಗಮನ ಬೇಡಿದ್ದು ಸರಳುಗಳನ್ನು ಒಂದಕ್ಕೊಂದು ಕಟ್ಟುವ ಬೈಂಡಿಂಗ್ ವೈರು. ಕಟ್ಟು ಬಿಗಿದ ಮೇಲೆ ಉಳಿಯುವ ತಂತಿಯ ಬಾಲ ಹೊರಗೆ ಮುಖ ಮಾಡಿದ್ದರೆ ಅದು ಹೊದಿಕೆಯ ಅರ್ಧದಷ್ಟನ್ನು ದಾಟಿ ಬಂದಿರುತ್ತದೆ, ಎರಡು ಮಳೆಗಾಲದೊಳಗೆ ಅಲ್ಲಿ ಸಾಸಿವೆ ಗಾತ್ರದ ಕಂದು ಚುಕ್ಕೆ ಕಾಣಿಸುತ್ತದೆ. ಪ್ರತಿ ಬಾಲವನ್ನೂ ಇಕ್ಕಳದಿಂದ ಒಳಕ್ಕೆ ಮಡಚಿ, ಕಲ್ಲುಚೂರು ಅಥವಾ ಮರದ ತುಂಡಿನ ಬದಲು ಸರಳನ್ನು ಅಚ್ಚಿನಿಂದ ದೂರವಿಡುವ ಸಿಮೆಂಟಿನ ಕವರ್ ಬ್ಲಾಕುಗಳನ್ನೇ ಕಟ್ಟಿ, ಟಾರ್ಚು ಬಿಟ್ಟು ನೋಡಿದ ನಂತರವೇ ಎರಕದ ಅಚ್ಚಿನ ಹಲಗೆ ಮುಚ್ಚಿದೆವು. ಸರಳು ಕಟ್ಟುವವನಿಗೆ ಇದು ಅತಿರೇಕವೆನಿಸಿತು, ಅದನ್ನವನು ಮುಚ್ಚಿಡಲೂ ಇಲ್ಲ.

ಪಂಜರದ ಮೇಲಿನ ಮೈಯಲ್ಲಿ ಕಬ್ಬಿಣವೇ ಇಲ್ಲ. ಹಳೆಯ ಗೋಪುರಗಳ ಗಾರೆಯ ಬೊಂಬೆಗಳು ಇಟ್ಟಿಗೆ ಮತ್ತು ಸುಣ್ಣದ ಬಲದಿಂದಲೇ ನಿಂತವು. ಅದೇ ದಾರಿಯಲ್ಲಿ ಇಟ್ಟಿಗೆ ಚೂರುಗಳನ್ನು ಗಾರೆಯಲ್ಲಿ ಕೂರಿಸುತ್ತ ಎದೆ, ಹೊಟ್ಟೆ, ತೊಡೆಗಳ ಉಬ್ಬನ್ನು ಕಟ್ಟಿ, ಮೇಲಿನ ಪದರದಲ್ಲಿ ಜಿರ್ಕೋನಿಯಾ ಬೆರೆತ ಕ್ಷಾರನಿರೋಧಕ ಗಾಜಿನ ನಾರಿನ ಬಲೆಯನ್ನು ಹುದುಗಿಸಿದೆವು. ಸಾಮಾನ್ಯ ಗಾಜಿನ ನಾರನ್ನು ಸಿಮೆಂಟಿನ ಕ್ಷಾರ ತಿಂದುಹಾಕುವುದರಿಂದ ಕೊಳ್ಳುವಾಗ ಇದನ್ನು ಖಚಿತಪಡಿಸಿಕೊಳ್ಳಬೇಕು. ತೋಳುಗಳಿಗೆ ಗಾಜಿನ ನಾರಿನ ಸರಳುಗಳನ್ನು ಇಟ್ಟಿದ್ದೇವೆ. ಅವು ತುಕ್ಕು ಹಿಡಿಯುವುದಿಲ್ಲ, ಆದರೆ ಕೆಲಸದ ಜಾಗದಲ್ಲಿ ಬಗ್ಗಿಸಲೂ ಬರುವುದಿಲ್ಲ. ಮೊಣಕೈಯಲ್ಲಿ ಎರಡು ನೇರ ತುಂಡುಗಳನ್ನು ಒಂದರ ಪಕ್ಕ ಒಂದು ಹಾಯಿಸಿ ಗಾರೆಯಲ್ಲಿ ಬಂಧಿಸಬೇಕಾಯಿತು.

ಒಂದು ಪಾಲು ಸಿಮೆಂಟಿಗೆ ಎರಡು ಪಾಲು ಮರಳಿನ ಗಾರೆ ಸೌಟಿನಿಂದ ಜಾರದಷ್ಟು ಗಟ್ಟಿಯಾಗಿದ್ದಾಗ ಮೆತ್ತಿ, ಬಿಗಿಯುತ್ತ ಬಂದ ಹೊತ್ತಿನಲ್ಲಿ ಕೆತ್ತಬೇಕು. ಚಳಿಗಾಲದ ಬೆಳಿಗ್ಗೆ ಆ ಸಮಯ ಉದಾರವಾಗಿ ಸಿಗುತ್ತದೆ, ಮಧ್ಯಾಹ್ನ ಒಣಗಾಳಿ ಬೀಸಿದರೆ ಕೈ ತೊಳೆಯುವುದರೊಳಗೆ ಮುಗಿದುಹೋಗುತ್ತದೆ. ಮುಖವನ್ನು ಕೆತ್ತುವಾಗ ನೋಡುಗನ ಕಣ್ಣಿನ ಎತ್ತರವನ್ನು ಮರೆಯುವಂತಿರಲಿಲ್ಲ. ಎರಡಡಿ ಕಟ್ಟೆಯ ಮೇಲೆ ಏಳು ಅಡಿಯ ಆಕೃತಿ ನಿಂತರೆ ಕೆಳಗಿನವನಿಗೆ ಗಲ್ಲ ಮತ್ತು ಮೂಗಿನ ಹೊಳ್ಳೆಗಳೇ ಹೆಚ್ಚು ಕಾಣುತ್ತವೆ, ಹಣೆ ಹಿಂದೆ ಸರಿಯುತ್ತದೆ. ತಲೆಯನ್ನು ಅಳತೆಗಿಂತ ತುಸು ದೊಡ್ಡದಾಗಿಸಿ, ಹಣೆಯನ್ನು ಮುಂದಕ್ಕೆ ತಂದು, ಮೇಲಿನ ರೆಪ್ಪೆಗಳನ್ನು ಇಳಿಸಿದ ನಂತರ ಅವನ ನೋಟ ಮೆಟ್ಟಿಲ ಬಳಿ ನಿಂತವರ ಮೇಲೆ ಬಂದು ನಿಂತಿತು.

ನೀರಿನ ದಾರಿಯನ್ನೂ ಇದೇ ಹಂತದಲ್ಲಿ ಕೆತ್ತಲಾಯಿತು. ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ದಂಡೆಯಲ್ಲಿ ನೀರು ನಿಲ್ಲುವ ಪ್ರತಿ ಗುಳಿಯೂ ಪಾಚಿಗೆ ಮನೆ. ಕೊರಳೆಲುಬಿನ ಹಿಂದಿನ ತಗ್ಗಿಗೆ ಹೊರಮುಖದ ಇಳಿಜಾರು ಕೊಟ್ಟೆವು, ಕಣ್ಣಿನ ಕೆಳರೆಪ್ಪೆಯ ಅಂಚನ್ನು ಮುಂದಕ್ಕೆ ಇಳಿಸಿದೆವು, ಸೊಂಟದ ಪಂಚೆಯ ನೆರಿಗೆಗಳೆಲ್ಲ ಕೆಳಗೆ ತೆರೆದುಕೊಳ್ಳುವಂತೆ ಎಳೆದೆವು. ತಲೆಗೆ ಸುತ್ತಿದ ಬಟ್ಟೆಯ ಅಂಚು ಹಣೆಯಿಂದ ಎರಡು ಬೆರಳು ಮುಂದೆ ಚಾಚಿದೆ, ಅದರ ಅಡಿಯಲ್ಲಿ ಒಂದು ಸಣ್ಣ ತೋಡನ್ನು ಕೊರೆದಿರುವುದರಿಂದ ಹನಿಗಳು ಮುಖದ ಮೇಲೆ ಹರಿಯದೆ ಅಲ್ಲೇ ಕಡಿದು ಬೀಳುತ್ತವೆ. ಮನೆಯ ಸಜ್ಜಾದ ಅಂಚಿಗೆ ಮೇಸ್ತ್ರಿಗಳು ಮಾಡುವ ಕೆಲಸವೇ ಇದು. ಸ್ಲ್ಯಾಗ್ ಸಿಮೆಂಟ್ ನಿಧಾನವಾಗಿ ಬಲಗೊಳ್ಳುವುದರಿಂದ ಮಾನಕ ಹೇಳುವ ಹತ್ತು ದಿನಕ್ಕಿಂತ ಹೆಚ್ಚು ಕಾಲ ಒದ್ದೆ ಗೋಣಿತಾಟು ಸುತ್ತಿಟ್ಟಿದ್ದೆವು. ಆ ದಿನಗಳಲ್ಲಿ ಗ್ರಂಥಾಲಯಕ್ಕೆ ಬಂದ ಮಕ್ಕಳು ಅದಕ್ಕೆ ಗೋಣಿಮಾಮ ಎಂದು ಹೆಸರಿಟ್ಟರು, ಹೆಸರು ಈಗಲೂ ಚಾಲ್ತಿಯಲ್ಲಿದೆ.

ಬಣ್ಣದ ವಿಷಯದಲ್ಲಿ ಜಗಳವೇ ಆಯಿತು. ಎನಾಮೆಲ್ ಬಳಿಯದ ಶಿಲ್ಪ ಅನೇಕರ ಕಣ್ಣಿಗೆ ಅರೆಬರೆ ಕೆಲಸ. ನಮ್ಮ ಜಿಲ್ಲೆಯಲ್ಲೇ, ಮುರ್ಡೇಶ್ವರದ 123 ಅಡಿಯ ಕಾಂಕ್ರೀಟ್ ಶಿವ ಬಣ್ಣದಿಂದ ಹೊಳೆಯುತ್ತಿರುವಾಗ ಇವನೇಕೆ ಮಸುಕಾಗಿರಬೇಕೆಂಬುದು ಅವರ ವಾದ. ಅಷ್ಟು ದೊಡ್ಡ ಕ್ಷೇತ್ರಕ್ಕೆ ಕಾಲಕಾಲಕ್ಕೆ ಬಣ್ಣ ಬಳಿಸುವ ಶಕ್ತಿಯಿದೆ, ಊರಿನ ಗ್ರಂಥಾಲಯಕ್ಕಿಲ್ಲ. ಎನಾಮೆಲ್ ಪದರ ಒಳಗಿನ ತೇವವನ್ನು ಹೊರಬಿಡದೆ ಗುಳ್ಳೆ ಏಳುತ್ತದೆ, ಕೆಳಗೆ ನಡೆಯುವ ಹಾನಿಯನ್ನು ಮುಚ್ಚಿಯೂ ಇಡುತ್ತದೆ. ಕೊನೆಯ ಗಾರೆಯಲ್ಲಿಯೇ ಕೆಂಪು ಮತ್ತು ಕಪ್ಪು ಐರನ್ ಆಕ್ಸೈಡ್ ಬೆರೆಸಿ ಮೈಬಣ್ಣ ತಂದು, ಬಿಳಿ ಸಿಮೆಂಟಿನಿಂದ ಉಪ್ಪಿನ ರಾಶಿಯನ್ನು ಮಾಡಿ, ಒಣಗಿದ ಮೇಲೆ ಸೈಲೇನ್-ಸೈಲಾಕ್ಸೇನ್ ದ್ರಾವಣ ಉಣಿಸಿದೆವು. ಅದು ನೀರನ್ನು ಒಳಬಿಡುವುದಿಲ್ಲ, ಆವಿಯನ್ನು ಹೊರಬಿಡುತ್ತದೆ.

ಬಣ್ಣ ಬೇಕೆಂದವರ ಸಮಾಧಾನಕ್ಕೆಂದು ಕಟ್ಟೆಗೆ ಕಾವಿ ಚಿತ್ರ ಮಾಡುವ ಮಾತು ಬಂತು. ಶಿರಸಿಯ ಮಾರಿಕಾಂಬಾ ದೇವಸ್ಥಾನದ ಗೋಡೆಗಳಲ್ಲಿ ಕೆಂಪು-ಬಿಳಿಯ ಈ ಕಲೆಯನ್ನು ನೋಡದವರು ಇಲ್ಲಿ ಕಡಿಮೆ. ಹೊನ್ನಾವರದ ಕೃಷ್ಣಾನಂದ ಕಾಮತರು ಕರಾವಳಿಯುದ್ದಕ್ಕೂ ಇದನ್ನು ದಾಖಲಿಸಿದ್ದಾರೆ. ಸಿಮೆಂಟಿನ ಮೇಲೆ ಸುಣ್ಣದ ಗಿಲಾವು ಸರಿಯಾಗಿ ಹಿಡಿಯುವುದಿಲ್ಲವಾದ್ದರಿಂದ ಕಟ್ಟೆಯನ್ನು ಜಂಬಿಟ್ಟಿಗೆ ಕಲ್ಲಿನಲ್ಲಿ, ಸುಣ್ಣದ ಗಾರೆಯಲ್ಲೇ ಕಟ್ಟಿಸಿದೆವು. ಚಿಪ್ಪಿನ ಸುಣ್ಣವನ್ನು ಕೊಳೆಹಾಕಿ, ಮರಳು ಮತ್ತು ಬೆಲ್ಲದ ನೀರಿನೊಡನೆ ಅರೆದು ಗಿಲಾವು ಮಾಡಿ, ಅದರ ಮೇಲೆ ಕೆಮ್ಮಣ್ಣು ಬೆರೆತ ತೆಳು ಪದರ ಬಳಿದು, ನುಣ್ಣನೆಯ ಹೊಳೆಗಲ್ಲಿನಿಂದ ಉಜ್ಜಿ ಹೊಳಪೇರಿಸಿ, ಕಂಟವೆಂಬ ಮೊನಚು ಕಡ್ಡಿಯಿಂದ ಕೆಂಪನ್ನು ಕೆರೆದರೆ ಕೆಳಗಿನ ಬಿಳಿ ಗೆರೆಯಾಗಿ ಮೂಡುತ್ತದೆ. ಪದರ ಹೆಚ್ಚು ಒದ್ದೆಯಿದ್ದರೆ ಗೆರೆಯ ಅಂಚು ಮೆತ್ತಿಕೊಳ್ಳುತ್ತದೆ, ಒಣಗಿದ್ದರೆ ಚಕ್ಕೆ ಏಳುತ್ತದೆ. ಬೆರಳೊತ್ತಿದರೆ ತಂಪಾಗಿದ್ದು ಬಣ್ಣ ಅಂಟದಿರುವ ನಡುವಿನ ಹೊತ್ತಿನಲ್ಲಿ ಕಂಟ ಸದ್ದಿಲ್ಲದೆ ಸಾಗುತ್ತದೆ. ಚಿತ್ರಕ್ಕೆ ಆಗರದ ಪಾತಿಗಳ ಚೌಕಟ್ಟನ್ನೇ ತೆಗೆದುಕೊಂಡು, ನಡುನಡುವೆ ಕೈವಾರದಿಂದ ಎಳೆದ ಹೂಗಳನ್ನೂ ಕೆಲವು ಬೆಳ್ಳಕ್ಕಿಗಳನ್ನೂ ಇಟ್ಟೆವು.

ಮೇಲಿನ ಶಿಲ್ಪಕ್ಕೂ ಕೆಳಗಿನ ಕಟ್ಟೆಗೂ ಒಂದೇ ಗಾಳಿ ತಾಗುತ್ತದೆ, ಆದರೆ ಅದರ ಕೆಲಸ ಬೇರೆಬೇರೆ. ಸರಳಿರುವ ಸಿಮೆಂಟಿನಲ್ಲಿ ಇಂಗಾಲದ ಡೈಆಕ್ಸೈಡ್ ರಕ್ಷಣೆಯನ್ನು ಕಳೆಯುತ್ತದೆ; ಸುಣ್ಣವಾದರೋ ಅದೇ ಅನಿಲವನ್ನು ಹೀರಿಕೊಂಡು ಮತ್ತೆ ಕ್ಯಾಲ್ಸಿಯಂ ಕಾರ್ಬೊನೇಟ್ ಆಗುತ್ತದೆ, ಅಂದರೆ ತಾನು ಹುಟ್ಟಿಬಂದ ಚಿಪ್ಪಿನ ದ್ರವ್ಯವಾಗಿಯೇ ಗಟ್ಟಿಯಾಗುತ್ತದೆ. ಕಾವಿ ಗೋಡೆಗಳು ಇಷ್ಟು ಕಾಲ ಬಾಳಿದ್ದರಲ್ಲಿ ಒಳಗೆ ಕಬ್ಬಿಣವಿಲ್ಲದಿರುವುದರ ಪಾಲು ದೊಡ್ಡದೆಂದು ನಾನು ನಂಬುತ್ತೇನೆ. ಇಡೀ ಆಕೃತಿಯನ್ನೇ ಸುಣ್ಣದಲ್ಲಿ ಕಟ್ಟಬಹುದಿತ್ತಲ್ಲವೇ ಎಂದು ಕೇಳುವವರಿದ್ದಾರೆ. ಕುಳಿತ ಆಕೃತಿಯಾಗಿದ್ದರೆ ಕಟ್ಟಬಹುದಿತ್ತು. ಎರಡು ಸಪೂರ ಕಾಲಿನ ಮೇಲೆ ನಿಂತವನಿಗೆ ಜೂನ್ ತಿಂಗಳ ಗಾಳಿಯಲ್ಲಿ ಬಗ್ಗುವ ಎಳೆತವನ್ನು ತಾಳುವ ಸರಳು ಬೇಕೇಬೇಕು.

ಮೊದಲ ಮಳೆಗಾಲ ಈಗ ಕಳೆದಿದೆ. ಎಡ ಮೊಣಕೈಯ ಅಡಿಯಲ್ಲಿ ಬಿಳಿ ಲವಣದ ಗೆರೆಯೊಂದು ಕಾಣಿಸಿಕೊಂಡಿತ್ತು. ಒಣಬ್ರಷ್ಷಿನಿಂದ ಉಜ್ಜಿ ತೆಗೆದು, ನೀರು ಅಲ್ಲಿಗೆ ಹರಿದುಬರುತ್ತಿದ್ದ ತೋಳಿನ ಮಡಿಕೆಗೆ ಇನ್ನೊಂದು ತೋಡು ಕೊರೆದಿದ್ದೇವೆ. ಕಾವಿಯ ದಕ್ಷಿಣ ಮುಖದಲ್ಲಿ, ಮಕ್ಕಳು ಕಾಲು ಇಳಿಬಿಟ್ಟು ಕೂರುವ ಕಡೆ, ಅಂಚಿನ ಕೆಂಪು ಸವೆದಿದೆ. ಅಲ್ಲಿ ಕೂರಬೇಡಿರೆಂಬ ಫಲಕ ಹಾಕಲು ನಾನು ಒಪ್ಪಲಿಲ್ಲ, ಅಂಚಿಗೆ ಒಂದು ಸಾಲು ಕರಿಕಲ್ಲಿನ ಪಟ್ಟಿ ಕೂರಿಸಲಾಗುವುದು. ಗ್ರಂಥಾಲಯದ ಕಪಾಟಿನಲ್ಲಿ ಒಂದು ನೋಟುಪುಸ್ತಕವಿಟ್ಟು, ಪ್ರತಿ ವರ್ಷ ಮಳೆ ನಿಂತ ನಂತರ ಸಿಹಿನೀರಿನಿಂದ ಮೈ ತೊಳೆಯುವುದು, ಕಂದು ಚುಕ್ಕೆ ಕಂಡರೆ ಅದರ ಜಾಗ ಮತ್ತು ಗಾತ್ರವನ್ನು ಬರೆಯುವುದು, ಹೊನ್ನೆ ಹಿಡಿಗೆ ಎಣ್ಣೆ ಹಚ್ಚುವುದು, ಶಿಲ್ಪದ ಮೈ ನೀರು ಹೀರಲು ಶುರುಮಾಡಿದಾಗ ಸೈಲೇನ್ ದ್ರಾವಣವನ್ನು ಮತ್ತೆ ಉಣಿಸುವುದು ಎಂಬಿಷ್ಟನ್ನು ಬರೆದುಕೊಟ್ಟಿದ್ದೇವೆ. ಹಿಡಿಗೆ ಎಣ್ಣೆ ಹಚ್ಚುವ ಕೆಲಸವನ್ನು ಸಮಿತಿಯವರು ದೀಪಾವಳಿಯ ಮರುದಿನಕ್ಕೆ ಗೊತ್ತುಮಾಡಿದ್ದಾರೆ. ಕರಿಕಲ್ಲಿನ ಪಟ್ಟಿಗೆ ಅಳತೆ ಕೊಟ್ಟಾಗಿದೆ.